‘ಖವಾರಿಜ್’, ‘ಜಿಹಾದಿ’, ‘ಇಸ್ಲಾಮಿಕ್ ಉಗ್ರ’: ಕನ್ನಡದಲ್ಲಿ ಯಾವ ಹೆಸರು, ಅದು ಯಾರು ಕೊಟ್ಟ ಹೆಸರು?

ರಾತ್ರಿ ಪಾಳಿ

ಕಳೆದ ವಾರ ರಾತ್ರಿ ಪಾಳಿಯಲ್ಲಿ ಕಿರಿಯ ಉಪಸಂಪಾದಕರೊಬ್ಬರು ಅನುವಾದಿಸಿ ಕೊಟ್ಟ ಆರು ಸಾಲಿನ ಸುದ್ದಿಯೊಂದು ಈ ಚರ್ಚೆಗೆ ಕಾರಣ. ಪಾಕಿಸ್ತಾನದ ಖೈಬರ್ ಪಖ್ತುನ್‌ಖ್ವಾದಲ್ಲಿ ಸೇನೆ ನಡೆಸಿದ ಕಾರ್ಯಾಚರಣೆಯ ಸುದ್ದಿ ಅದು. ಸೇನೆಯ ಹೇಳಿಕೆಯಲ್ಲಿ ಸತ್ತವರನ್ನು ‘ಖವಾರಿಜ್’ ಎಂದು ಕರೆದಿದ್ದರು. ನಮ್ಮ ಹುಡುಗ ಅದನ್ನು ‘ಖವಾರಿಜ್ ಎಂಬ ಉಗ್ರ ಸಂಘಟನೆಯ ಸದಸ್ಯರು’ ಎಂದು ಬರೆದಿದ್ದ. ಆ ಹೆಸರಿನ ಸಂಘಟನೆ ಯಾವುದೂ ಇಲ್ಲ, ಅದು ಇಸ್ಲಾಮಿನ ಆರಂಭಕಾಲದ ಬಂಡುಕೋರರ ಹೆಸರು. ಸತ್ತವರು ತೆಹ್ರೀಕ್-ಎ-ತಾಲಿಬಾನ್ ಪಾಕಿಸ್ತಾನ್, ಅಂದರೆ ಟಿಟಿಪಿಯವರು. ಆ ಸಂಘಟನೆಯನ್ನು ಇನ್ನು ಮುಂದೆ ‘ಫಿತ್ನಾ ಅಲ್ ಖವಾರಿಜ್’ (ಖವಾರಿಜ್‌ಗಳ ಕ್ಷೋಭೆ) ಎಂದೇ ಕರೆಯಬೇಕು, ಅದರ ನಾಯಕರ ಹೆಸರಿನ ಹಿಂದೆ ಮುಫ್ತಿ, ಹಾಫಿಜ್ ಎಂಬ ಗೌರವಸೂಚಕಗಳನ್ನು ಹಾಕದೆ ‘ಖಾರಿಜಿ’ (ಖವಾರಿಜ್‌ನ ಏಕವಚನ) ಎಂದು ಬರೆಯಬೇಕು ಎಂದು 2024ರ ಜುಲೈಯಲ್ಲಿ ಪಾಕಿಸ್ತಾನ ಸರ್ಕಾರ ಆದೇಶ ಹೊರಡಿಸಿತು. ಆದೇಶ ಅವರ ಕಚೇರಿಗಳಿಗೆ. ಆದರೆ ಸುದ್ದಿಸಂಸ್ಥೆಗಳ ಮೂಲಕ ಆ ಪದ ನಮ್ಮ ಮೇಜಿನವರೆಗೂ ಬಂದು, ಕನ್ನಡ ಪತ್ರಿಕೆಯೊಂದು ತನಗೆ ಅರಿವಿಲ್ಲದೆಯೇ ಇನ್ನೊಂದು ದೇಶದ ಸರ್ಕಾರದ ಬೈಗುಳವನ್ನು ಸುದ್ದಿಯ ಭಾಷೆಯಾಗಿ ಅಚ್ಚು ಹಾಕುವ ಹಂತಕ್ಕೆ ಹೋಗಿತ್ತು.

ನಾನು ತಿದ್ದಿದೆ, ಪುಟ ಹೋಯಿತು. ಆದರೆ ಆ ಹುಡುಗ ಕೇಳಿದ ಪ್ರಶ್ನೆ ಉಳಿದುಕೊಂಡಿದೆ: ‘ಸರ್, ಅವರು ಕೊಟ್ಟ ಹೆಸರು ಬೇಡ ಎಂದರೆ ನಾವು ಇಡುವ ಹೆಸರು ಯಾವುದು?’

ನಮ್ಮ ದಾಸ್ತಾನನ್ನೇ ನೋಡಿ. ‘ಉಗ್ರ’ ಎರಡೇ ಅಕ್ಷರದ ಪದ. ಒಂದು ಕಾಲಂ ಶೀರ್ಷಿಕೆಯಲ್ಲಿ ಸಲೀಸಾಗಿ ಕೂರುತ್ತದೆ ಎಂಬ ಕಾರಣಕ್ಕೇ ಅದು ಮೂರು ದಶಕಗಳಿಂದ ನಮ್ಮ ಪುಟಗಳನ್ನು ಆಳುತ್ತಿದೆ. ‘ಮೂಲಭೂತವಾದಿ’ ಎಂಬುದು ಅಮೆರಿಕದ ಪ್ರಾಟೆಸ್ಟೆಂಟ್ ಕ್ರೈಸ್ತರಲ್ಲಿ ಒಂದು ವರ್ಗ 20ನೇ ಶತಮಾನದ ಆರಂಭದಲ್ಲಿ ತನಗೆ ತಾನೇ ಹೆಮ್ಮೆಯಿಂದ ಇಟ್ಟುಕೊಂಡ ಹೆಸರಿನ ಅನುವಾದ. ಮೂಲಭೂತ ಹಕ್ಕು, ಮೂಲಭೂತ ಸೌಕರ್ಯಗಳ ನಡುವೆ ಅದು ನಮ್ಮಲ್ಲಿ ಹೇಗೆ ಬೈಗುಳವಾಯಿತು ಎಂದು ನಾನು ಇಂದಿಗೂ ಸೋಜಿಗಪಡುತ್ತೇನೆ. ‘ಜಿಹಾದಿ’ ಎಂದರೆ ಮುಸ್ಲಿಂ ಓದುಗರು ಬೇಸರಿಸುತ್ತಾರೆ, ಏಕೆಂದರೆ ಜಿಹಾದ್ ಅವರಿಗೆ ಧಾರ್ಮಿಕ ಕರ್ತವ್ಯದ ಹೆಸರು. ಇಂಗ್ಲಿಷಿನಲ್ಲಿ ಧರ್ಮಕ್ಕೆ ಸೇರಿದ್ದನ್ನು ‘ಇಸ್ಲಾಮಿಕ್’ ಎಂದೂ, ಧರ್ಮದ ಆಧಾರದ ಮೇಲೆ ರಾಜ್ಯ ಕಟ್ಟಬೇಕೆನ್ನುವ ರಾಜಕಾರಣವನ್ನು ‘ಇಸ್ಲಾಮಿಸ್ಟ್’ ಎಂದೂ ಬೇರ್ಪಡಿಸುತ್ತಾರೆ. ನಮ್ಮ ಅನುವಾದದಲ್ಲಿ ಎರಡೂ ‘ಇಸ್ಲಾಮಿಕ್’ ಆಗಿಬಿಡುತ್ತವೆ, ಹಾಗಾಗಿ ವಾಸ್ತುಶಿಲ್ಪಕ್ಕೂ ಬಾಂಬಿಗೂ ಒಂದೇ ವಿಶೇಷಣ.

ಬಲ್ಲವರು ಈ ವೇದಿಕೆಯಲ್ಲಿ ಬರೆಯಬೇಕೆಂದು ಕೋರುತ್ತೇನೆ.

ಇತಿಹಾಸದ ಮೇಷ್ಟ್ರು

‘ಖವಾರಿಜ್’ ಪದವನ್ನು ಬರಿಯ ಬೈಗುಳ ಎಂದು ತಳ್ಳಿಹಾಕುವ ಮೊದಲು ಅದರ ಹಿಂದಿನ ಕಥೆಯನ್ನು ಕೇಳಬೇಕು, ಏಕೆಂದರೆ ಇಸ್ಲಾಮಿನ ಒಳಗೆ ಹುಟ್ಟಿದ ಉಗ್ರತೆಯನ್ನು ಏನೆಂದು ಕರೆಯಬೇಕೆಂಬ ಜಗಳ ವಾಷಿಂಗ್ಟನ್ನಿನಲ್ಲೋ ನಮ್ಮ ಸುದ್ದಿಮನೆಗಳಲ್ಲೋ ಆರಂಭವಾದದ್ದಲ್ಲ. ಅದಕ್ಕೆ ಹೆಚ್ಚುಕಡಿಮೆ ಆ ಧರ್ಮದಷ್ಟೇ ವಯಸ್ಸಾಗಿದೆ.

ಪ್ರವಾದಿಯವರು ತೀರಿಕೊಂಡ 25 ವರ್ಷಗಳ ಬಳಿಕ, 657ರಲ್ಲಿ, ಯೂಫ್ರೆಟಿಸ್ ದಂಡೆಯ ಸಿಫ್ಫೀನ್ ಎಂಬಲ್ಲಿ ಖಲೀಫ ಅಲಿ ಮತ್ತು ಸಿರಿಯಾದ ರಾಜ್ಯಪಾಲ ಮುಆವಿಯಾ ನಡುವೆ ಯುದ್ಧವಾಯಿತು. ಸೋಲು ಗೆಲುವು ಇತ್ಯರ್ಥವಾಗದೆ ಎರಡೂ ಕಡೆಯವರು ಮಧ್ಯಸ್ಥಿಕೆಗೆ ಒಪ್ಪಿದಾಗ ಅಲಿಯ ಸೈನ್ಯದ ಒಂದು ಭಾಗ ಸಿಡಿದೆದ್ದು, ‘ತೀರ್ಪು ಅಲ್ಲಾಹನದ್ದು ಮಾತ್ರ’ ಎಂದು ಘೋಷಿಸಿ ಹೊರನಡೆಯಿತು. ಹೊರನಡೆದವರು ಎಂಬುದೇ ಖವಾರಿಜ್ ಪದದ ಅರ್ಥ. ಅಲಿ ಆ ಘೋಷಣೆಯನ್ನು ಕೇಳಿ, ಮಾತು ಸತ್ಯವಾದದ್ದೇ, ಆದರೆ ಅದರಿಂದ ಸಾಧಿಸಹೊರಟಿರುವುದು ಅಸತ್ಯ ಎಂದರಂತೆ. ಹೊರನಡೆದವರು ತಮ್ಮನ್ನು ಖವಾರಿಜ್ ಎಂದು ಕರೆದುಕೊಳ್ಳುತ್ತಿರಲಿಲ್ಲ. ಅವರ ಮೆಚ್ಚಿನ ಹೆಸರು ‘ಶುರಾತ್’, ದೇವರಿಗಾಗಿ ಪ್ರಾಣವನ್ನು ಮಾರಿಕೊಂಡವರು.

ಅವರ ಬಗ್ಗೆ ಅರಬ್ ಇತಿಹಾಸಕಾರರು ದಾಖಲಿಸಿದ ಒಂದು ಪ್ರಸಂಗ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಮರದಿಂದ ಬಿದ್ದಿದ್ದ ಖರ್ಜೂರವೊಂದನ್ನು ಅವರಲ್ಲೊಬ್ಬ ಎತ್ತಿ ಬಾಯಿಗೆ ಹಾಕಿಕೊಂಡಾಗ, ಬೆಲೆ ಕೊಡದೆ ತಿನ್ನುವುದು ಪಾಪವೆಂದು ಜೊತೆಗಾರರು ಗದರಿಸಿದರು. ಅವನು ಅದನ್ನು ಉಗಿದ. ಇನ್ನೊಬ್ಬ ದಾರಿಯಲ್ಲಿ ಸಿಕ್ಕ ಹಂದಿಯನ್ನು ಕೊಂದಾಗ, ಅದು ಪರಧರ್ಮೀಯನ ಸೊತ್ತು ಎಂದು ಅದರ ಒಡೆಯನಿಗೆ ಪರಿಹಾರ ಕೊಡಿಸಿದರು. ಅದೇ ಜನ, ಅದೇ ಸುಮಾರಿಗೆ, ಪ್ರವಾದಿಯ ಸಂಗಾತಿಯೊಬ್ಬರ ಮಗನನ್ನು, ಆತ ಅಲಿಯನ್ನು ಧರ್ಮಭ್ರಷ್ಟನೆಂದು ಒಪ್ಪಲಿಲ್ಲ ಎಂಬ ಕಾರಣಕ್ಕೆ ಹೊಳೆಯ ದಂಡೆಯಲ್ಲಿ ಕಡಿದು, ಆತನ ಗರ್ಭಿಣಿ ಹೆಂಡತಿಯನ್ನೂ ಕೊಂದರು. ಅಲಿ 658ರಲ್ಲಿ ನಹ್ರವಾನ್ ಎಂಬಲ್ಲಿ ಅವರನ್ನು ಸದೆಬಡಿದರು. 661ರಲ್ಲಿ ಕೂಫಾದ ಮಸೀದಿಯಲ್ಲಿ ಅವರಲ್ಲೊಬ್ಬ ಅಲಿಯನ್ನು ಇರಿದ.

ಸಿಫ್ಫೀನ್ ಇರುವುದು ಇಂದಿನ ರಖ್ಖಾ ನಗರದ ಸನಿಹದಲ್ಲಿ. ಇಸ್ಲಾಮಿಕ್ ಸ್ಟೇಟ್ ತನ್ನ ರಾಜಧಾನಿ ಎಂದುಕೊಂಡದ್ದೂ ರಖ್ಖಾವನ್ನೇ. ಹಾಗಾಗಿ 2014ರಲ್ಲಿ ಅರಬ್ ಜಗತ್ತಿನ ಮಸೀದಿಗಳಲ್ಲಿ ಅವರನ್ನು ಖವಾರಿಜ್ ಎಂದು ಕರೆದಾಗ ಕೇಳುಗರಿಗೆ ಅಡಿಟಿಪ್ಪಣಿ ಬೇಕಾಗಲಿಲ್ಲ. ರಾತ್ರಿ ಪಾಳಿಯವರೇ, ನಿಮ್ಮ ಓದುಗರಿಗೆ ಬೇಕು, ತೊಡಕಿರುವುದು ಅಲ್ಲಿ.

ನೇರಮಾತು

ಮೇಷ್ಟ್ರ ಕಥೆ ಚೆನ್ನಾಗಿದೆ, ಆದರೆ ಹೆಸರಿನ ಸುತ್ತ ಇಷ್ಟೊಂದು ಸುತ್ತಿ ಬಳಸುವುದು ಏಕೆಂದು ನನಗೆ ಅರ್ಥವಾಗುತ್ತಿಲ್ಲ. ಬಂದೂಕು ಹಿಡಿದವನು ತಾನು ಇಸ್ಲಾಮಿಗಾಗಿ ಮಾಡುತ್ತಿದ್ದೇನೆ ಎನ್ನುತ್ತಾನೆ, ಕುರ್‌ಆನಿನ ಸಾಲು ಉದ್ಧರಿಸುತ್ತಾನೆ, ಸಂಘಟನೆಗೆ ಇಸ್ಲಾಮಿಕ್ ಎಂಬ ಹೆಸರಿಡುತ್ತಾನೆ. ಅವನ ಮಾತನ್ನು ಅವನಿಗಿಂತ ಚೆನ್ನಾಗಿ ನಾವು ಬಲ್ಲೆವು ಎಂಬಂತೆ ‘ಇದಕ್ಕೂ ಇಸ್ಲಾಮಿಗೂ ಸಂಬಂಧವಿಲ್ಲ’ ಎನ್ನುವುದು ಪ್ರಾಮಾಣಿಕತೆಯಲ್ಲ.

2014ರ ಸೆಪ್ಟೆಂಬರ್ 10ರಂದು ಅಮೆರಿಕದ ಅಧ್ಯಕ್ಷ ಒಬಾಮ, ಇಸ್ಲಾಮಿಕ್ ಸ್ಟೇಟ್ ಎಂಬುದು ಇಸ್ಲಾಮಿಕ್ ಅಲ್ಲ ಎಂದು ದೂರದರ್ಶನದಲ್ಲಿ ಘೋಷಿಸಿದರು. ಯಾವುದು ಇಸ್ಲಾಂ, ಯಾವುದು ಅಲ್ಲ ಎಂದು ತೀರ್ಪು ಕೊಡುವ ಅಧಿಕಾರವನ್ನು ಶ್ವೇತಭವನಕ್ಕೆ ಯಾರು ಕೊಟ್ಟರು? ಅದಕ್ಕೂ ಮೊದಲು, 2008ರಲ್ಲಿ, ಬ್ರಿಟನ್ನಿನ ಗೃಹ ಸಚಿವೆ ಜಾಕಿ ಸ್ಮಿತ್ ಇಂಥ ಕೃತ್ಯಗಳನ್ನು ‘ಇಸ್ಲಾಂ ವಿರೋಧಿ ಚಟುವಟಿಕೆ’ ಎಂದು ಕರೆದಿದ್ದರು. ಸಾಮಾನ್ಯ ಓದುಗ ಆ ಪದಗಳನ್ನು ಕೇಳಿದರೆ ಯಾರೋ ಮಸೀದಿಯ ಮೇಲೆ ಕಲ್ಲು ಹೊಡೆದಿರಬೇಕು ಎಂದುಕೊಳ್ಳುತ್ತಾನೆ. 2020ರಲ್ಲಿ ಅದೇ ಬ್ರಿಟನ್ನಿನ ಪೊಲೀಸರು ‘ಇಸ್ಲಾಮಿಸ್ಟ್ ಭಯೋತ್ಪಾದನೆ’ ಎಂಬ ಪದವನ್ನೇ ಕೈಬಿಟ್ಟು ‘ಧರ್ಮದ ಹೆಸರು ಹೇಳಿಕೊಳ್ಳುವ ಭಯೋತ್ಪಾದನೆ’ ಎಂಬಂಥ ಪದ ಬಳಸೋಣವೇ ಎಂದು ಸಭೆ ಸೇರಿ ಚರ್ಚಿಸಿದರು. ಯಾವ ಧರ್ಮ ಎಂದು ಹೇಳದಿರಲು ಇಷ್ಟು ಪಾಡು.

ರೋಗದ ಹೆಸರನ್ನು ಮರೆಮಾಚಿ ಔಷಧಿ ಬರೆಯುವ ವೈದ್ಯನನ್ನು ನಾವು ನಂಬುವುದಿಲ್ಲ. ‘ಇಸ್ಲಾಮಿಕ್ ಭಯೋತ್ಪಾದನೆ’ ಎಂದು ಬರೆಯಿರಿ, ಓದುಗರಿಗೆ ತಿಳಿಯುತ್ತದೆ.

ಕಡಲತೀರ

ನಾನು ಭಟ್ಕಳದವನು. ಹೆಸರಿನ ಚರ್ಚೆ ನಮಗೆ ಪುಸ್ತಕದ ವಿಷಯವಲ್ಲ, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

2008ರ ಆಸುಪಾಸಿನಲ್ಲಿ ಇಂಡಿಯನ್ ಮುಜಾಹಿದೀನ್ ಹೆಸರು ದೇಶದೆಲ್ಲೆಡೆ ಕೇಳತೊಡಗಿದಾಗ, ಅದರ ಮುಖ್ಯಸ್ಥರೆಂದು ತನಿಖಾಧಿಕಾರಿಗಳು ಹೇಳಿದ ಮೂವರ ಹೆಸರಿನ ಜೊತೆಗೆ ನಮ್ಮ ಊರಿನ ಹೆಸರು ಅಂಟಿಕೊಂಡಿತು. ರಿಯಾಜ್ ಭಟ್ಕಳ, ಇಕ್ಬಾಲ್ ಭಟ್ಕಳ, ಯಾಸೀನ್ ಭಟ್ಕಳ. 2013ರ ಆಗಸ್ಟ್‌ನಲ್ಲಿ ನೇಪಾಳದ ಗಡಿಯಲ್ಲಿ ಯಾಸೀನ್ ಸಿಕ್ಕಿಬಿದ್ದಾಗ ದೂರದರ್ಶನದ ಪರದೆಯಲ್ಲಿ ‘ಭಟ್ಕಳ ಸೆರೆ’, ‘ಭಟ್ಕಳನ ವಿಚಾರಣೆ’ ಎಂದು ದಿನವಿಡೀ ಅಕ್ಷರಗಳು ಓಡುತ್ತಿದ್ದವು. ಹೈದರಾಬಾದಿನ ದಿಲ್‌ಸುಖ್‌ನಗರ ಸ್ಫೋಟದ ಪ್ರಕರಣದಲ್ಲಿ 2016ರಲ್ಲಿ ಅವನಿಗೆ ಮರಣದಂಡನೆ ವಿಧಿಸಿದ ನ್ಯಾಯಾಲಯದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ತಕರಾರಿರುವುದು ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಇರುವ, ಮಲ್ಲಿಗೆಗೆ ಹೆಸರಾದ, ನವಾಯತರೂ ನಾಮಧಾರಿಗಳೂ ಕೊಂಕಣಿಗರೂ ಒಂದೇ ಮೀನು ಮಾರುಕಟ್ಟೆಯಲ್ಲಿ ಚೌಕಾಸಿ ಮಾಡುವ ಊರಿನ ಹೆಸರು ಒಬ್ಬನ ಅಡ್ಡಹೆಸರಾದದ್ದರ ಬಗ್ಗೆ. ಆ ವರ್ಷ ಬೆಂಗಳೂರಿನಲ್ಲಿ ಕೊಠಡಿ ಹುಡುಕುತ್ತಿದ್ದ ನನ್ನ ತಮ್ಮನಿಗೆ ಮನೆಯೊಡೆಯರೊಬ್ಬರು ಮುಂಗಡ ಹಣವನ್ನು ಕೈಗೆ ತೆಗೆದುಕೊಂಡು, ಗುರುತಿನ ಚೀಟಿಯಲ್ಲಿ ಊರಿನ ಹೆಸರು ಓದಿ, ನೋಟುಗಳನ್ನು ಮತ್ತೊಮ್ಮೆ ಎಣಿಸಿ, ವಾಪಸು ಕೊಟ್ಟರು. ಅವರು ಕೆಟ್ಟ ಮಾತೊಂದನ್ನೂ ಆಡಲಿಲ್ಲ. ‘ಬೇಡ ಬಿಡಪ್ಪಾ’ ಎಂದರು, ಅಷ್ಟೇ.

ನೇರಮಾತು ಅವರೇ, ವಿಶೇಷಣವೊಂದು ಯಾರ ಮೇಲೆ ಹೋಗಿ ಬೀಳುತ್ತದೆ ಎಂಬುದು ಬರೆದವರ ಕೈಯಲ್ಲಿ ಇರುವುದಿಲ್ಲ. 2010ರಲ್ಲಿ ಕೇಂದ್ರ ಗೃಹ ಸಚಿವ ಚಿದಂಬರಂ ‘ಕೇಸರಿ ಭಯೋತ್ಪಾದನೆ’ ಎಂದಾಗ, ಒಂದು ಬಣ್ಣಕ್ಕೆ, ಆ ಬಣ್ಣವನ್ನು ಪೂಜಿಸುವ ಕೋಟ್ಯಂತರ ಜನರಿಗೆ ಕಳಂಕ ಹಚ್ಚಿದರೆಂದು ದೇಶದಲ್ಲಿ ಕೋಲಾಹಲವೆದ್ದಿತು. ಆ ಆಕ್ಷೇಪದಲ್ಲಿ ಹುರುಳಿತ್ತು ಎಂದು ನಾನು ಅಂದೂ ಹೇಳಿದ್ದೆ. ಅದೇ ಹುರುಳು ಇಲ್ಲಿಯೂ ಇದೆ.

ನಮ್ಮವರು ಏನೂ ಹೇಳಲಿಲ್ಲ ಎಂಬ ದೂರೂ ಬರುತ್ತದೆ. 2008ರ ಫೆಬ್ರುವರಿಯಲ್ಲಿ ದೇವಬಂದ್‌ನ ದಾರುಲ್ ಉಲೂಮ್‌ನಲ್ಲಿ ಸಾವಿರಾರು ಉಲೇಮಾಗಳು ಸೇರಿ ಭಯೋತ್ಪಾದನೆ ಇಸ್ಲಾಮಿಗೆ ವಿರುದ್ಧವೆಂದು ಘೋಷಿಸಿದರು. ಅದೇ ವರ್ಷ ನವೆಂಬರಿನಲ್ಲಿ ಮುಂಬೈ ದಾಳಿಯಾದಾಗ, ಸತ್ತ ಒಂಬತ್ತು ಮಂದಿ ದಾಳಿಕೋರರನ್ನು ಮರೀನ್ ಲೈನ್ಸ್‌ನ ಬಡಾ ಕಬ್ರಸ್ತಾನದಲ್ಲಿ ಹೂಳಲು ಅಲ್ಲಿನ ಜಾಮಾ ಮಸೀದಿ ಟ್ರಸ್ಟ್ ಒಪ್ಪಲಿಲ್ಲ. ಇಂಥ ಕೃತ್ಯ ಎಸಗಿದವರು ಮುಸ್ಲಿಮರಲ್ಲ ಎಂದಿತು. ಆ ಶವಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ಜೆ.ಜೆ. ಆಸ್ಪತ್ರೆಯ ಶವಾಗಾರದಲ್ಲಿದ್ದವು. 2010ರ ಜನವರಿಯಲ್ಲಿ ಸರ್ಕಾರ ಅವನ್ನು ಗುಟ್ಟಾದ ಜಾಗದಲ್ಲಿ ಹೂಳಿಸಿತು. ಮುಸ್ಲಿಮನ ಹೆಣವನ್ನು ಸಾಧ್ಯವಾದಷ್ಟು ಬೇಗ ಮಣ್ಣು ಮಾಡಬೇಕು ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಹೂಳಲು ನೆಲ ಕೊಡೆವು ಎಂಬುದಕ್ಕಿಂತ ಗಟ್ಟಿಯಾದ ಮಾತು ಇನ್ನೇನಿದೆ?

ಮಸ್ಕತ್ ಕನ್ನಡಿಗ

ನಾನು ಒಮಾನಿನಲ್ಲಿ 19 ವರ್ಷಗಳಿಂದ ಲೆಕ್ಕಪತ್ರ ನೋಡಿಕೊಂಡಿದ್ದೇನೆ. ಮೇಷ್ಟ್ರ ಬರಹಕ್ಕೆ ಒಂದು ಸೇರ್ಪಡೆ.

ಒಮಾನಿನ ಸುಲ್ತಾನರೂ ಇಲ್ಲಿನ ಪ್ರಜೆಗಳಲ್ಲಿ ಬಹಳಷ್ಟು ಮಂದಿಯೂ ಇಬಾದಿ ಪಂಥದವರು. ಸಿಫ್ಫೀನ್ ನಂತರ ಹೊರನಡೆದವರ ಪೈಕಿ ಕತ್ತಿ ಎತ್ತಲು ಒಪ್ಪದ, ಸೌಮ್ಯವಾದ ಕವಲಿನಿಂದ ಈ ಪಂಥ ಬೆಳೆಯಿತೆಂದು ಇತಿಹಾಸಕಾರರು ಹೇಳುತ್ತಾರೆ. ಇಲ್ಲಿ ಸುನ್ನಿ, ಶಿಯಾ, ಇಬಾದಿ ಮೂವರೂ ಒಂದೇ ಮಸೀದಿಯಲ್ಲಿ ಸಾಲು ನಿಲ್ಲುವುದನ್ನು, ನಮಾಜಿನಲ್ಲಿ ಒಬ್ಬರು ಕೈ ಕಟ್ಟಿದರೆ ಇನ್ನೊಬ್ಬರು ಇಳಿಬಿಟ್ಟಿರುವುದನ್ನು ನಾನು ಕಚೇರಿಯ ಪಕ್ಕದಲ್ಲೇ ದಿನವೂ ಕಾಣುತ್ತೇನೆ. ಹಲವು ವರ್ಷಗಳ ಹಿಂದೆ, ರಖ್ಖಾದ ಸುದ್ದಿ ದಿನಾ ಬರುತ್ತಿದ್ದಾಗ, ಊಟದ ವೇಳೆ ನಾನು ಪತ್ರಿಕೆಯಲ್ಲಿ ಓದಿದ್ದನ್ನೇ ಜ್ಞಾನವೆಂದುಕೊಂಡು ‘ಅವರು ಖವಾರಿಜ್‌ಗಳಂತೆ’ ಎಂದುಬಿಟ್ಟೆ. ಎದುರಿಗಿದ್ದ ಒಮಾನಿ ಸಹೋದ್ಯೋಗಿ ಕೈಯಲ್ಲಿದ್ದ ಖುಬ್ಬೂಸ್ ರೊಟ್ಟಿಯ ತುಂಡನ್ನು ತಟ್ಟೆಗಿಟ್ಟು, ‘ನಮ್ಮ ಅಜ್ಜಂದಿರನ್ನೂ ಹಾಗೆಯೇ ಕರೆಯುತ್ತಿದ್ದರು’ ಎಂದ. ಆಮೇಲೆ ಬೇರೆ ವಿಷಯ ಮಾತಾಡಿದ. ಅಂದಿನಿಂದ ನಾನು ಆ ಪದ ಬಳಸಿಲ್ಲ.

ಭಟ್ಕಳದವರ ಅಡ್ಡಹೆಸರಿನ ಸಂಕಟ ಓದಿದಾಗ ಇದು ನೆನಪಾಯಿತು.

ಇತಿಹಾಸದ ಮೇಷ್ಟ್ರು

ಮಸ್ಕತ್ತಿನವರಿಗೆ ಧನ್ಯವಾದ. ನನ್ನ ಮೊದಲ ಬರಹದಲ್ಲಿ ಇಬಾದಿಗಳ ಪ್ರಸ್ತಾಪ ಬರಬೇಕಿತ್ತು, ತಪ್ಪಿತು.

ಕಡಲತೀರ ಅವರು ಹೇಳಿದ ಮುಂಬೈ ಪ್ರಸಂಗ ಈ ಇಡೀ ಚರ್ಚೆಯ ಗಂಟು ಎಂದು ನನಗೆ ತೋರುತ್ತದೆ. ಆ ಟ್ರಸ್ಟಿನವರು ಹೇಳಿದ್ದರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ‘ಅವರು ಮುಸ್ಲಿಮರೇ ಅಲ್ಲ’ ಎಂಬ ವಾಕ್ಯಕ್ಕೆ ಇಸ್ಲಾಮಿನ ಒಳಗೆ ಒಂದು ಹೆಸರಿದೆ: ತಕ್‌ಫೀರ್, ಮುಸ್ಲಿಮನೊಬ್ಬನನ್ನು ಕಾಫಿರ್ ಎಂದು ಘೋಷಿಸುವುದು. ಹಳೆಯ ಖವಾರಿಜ್‌ಗಳನ್ನು ಉಳಿದವರಿಂದ ಬೇರ್ಪಡಿಸಿದ್ದು ಈ ಚಾಳಿಯೇ. ದೊಡ್ಡ ಪಾಪ ಮಾಡಿದವನು ಧರ್ಮದಿಂದ ಹೊರಗೆ, ಹೊರಗಾದವನ ರಕ್ತಕ್ಕೆ ಬೆಲೆಯಿಲ್ಲ ಎಂಬುದು ಅವರ ವಾದವಾಗಿತ್ತು. ಇಂದಿನ ಟಿಟಿಪಿ, ಇಸ್ಲಾಮಿಕ್ ಸ್ಟೇಟ್‌ಗಳು ಮಸೀದಿಯೊಳಗೆ ನಮಾಜಿಗೆ ನಿಂತವರ ನಡುವೆ ಸ್ಫೋಟಿಸಿಕೊಳ್ಳುವುದಕ್ಕೆ ಕೊಡುವ ಸಮರ್ಥನೆಯೂ ಇದೇ. ಹಾಗಾಗಿ ಉಗ್ರನನ್ನು ಧರ್ಮದಿಂದ ಹೊರಹಾಕಲು ಹೊರಟವರು ಉಗ್ರನದೇ ಆಯುಧವನ್ನು ಕೈಗೆತ್ತಿಕೊಳ್ಳಬೇಕಾಗುತ್ತದೆ.

ಈ ಇಕ್ಕಟ್ಟು ಧರ್ಮವಿದ್ವಾಂಸರಿಗೆ ಚೆನ್ನಾಗಿ ಗೊತ್ತು. 2014ರ ಡಿಸೆಂಬರಿನಲ್ಲಿ ಕೈರೋದ ಅಲ್ ಅಜ್‌ಹರ್ ಧರ್ಮವಿದ್ಯಾಸಂಸ್ಥೆ ಇಸ್ಲಾಮಿಕ್ ಸ್ಟೇಟ್‌ನವರನ್ನು ಕಾಫಿರ್ ಎಂದು ಘೋಷಿಸಲು ನಿರಾಕರಿಸಿತು. ಪಾಪ ಎಷ್ಟೇ ದೊಡ್ಡದಾದರೂ ನಂಬಿಕೆಯುಳ್ಳವನನ್ನು ಹಾಗೆ ಕರೆಯಲಾಗದು ಎಂದಿತು. ಹಲವರು ಇದನ್ನು ಮೃದು ಧೋರಣೆ ಎಂದು ಹೀಗಳೆದರು. ಆದರೆ ಎರಡೇ ತಿಂಗಳ ಬಳಿಕ ಜೋರ್ಡಾನಿನ ವಿಮಾನಚಾಲಕನನ್ನು ಪಂಜರದಲ್ಲಿಟ್ಟು ಸುಟ್ಟ ವಿಡಿಯೊ ಹೊರಬಂದಾಗ, ಅಲ್ ಅಜ್‌ಹರ್‌ನ ಮುಖ್ಯಸ್ಥ ಅಹ್ಮದ್ ಅಲ್ ತಯ್ಯಿಬ್ ಆ ಹಂತಕರು ಶಿಲುಬೆಗೇರಿಸಲು, ಕೈಕಾಲು ಕಡಿಯಲು ಅರ್ಹರು ಎಂದರು. ಅವರಿಗೆ ಮರಣದಂಡನೆ ಕೊಡಬಹುದು, ಧರ್ಮದಿಂದ ಹೊರಹಾಕುವಂತಿಲ್ಲ! ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಒಳಗಿನ ತರ್ಕ ಮಾತ್ರ ಬಿಗಿಯಾಗಿದೆ: ಇಂದು ಇವರನ್ನು ಹೊರಹಾಕಿದರೆ ನಾಳೆ ಯಾರು ಯಾರನ್ನು ಬೇಕಾದರೂ ಹೊರಹಾಕಬಹುದು. ಜೋರ್ಡಾನಿನ ದೊರೆ 2004ರಲ್ಲಿ ಹೊರಡಿಸಿದ ಅಮ್ಮಾನ್ ಸಂದೇಶದ ಬೆನ್ನಿಗೆ, 2005ರಲ್ಲಿ ಸುಮಾರು 50 ದೇಶಗಳ ವಿದ್ವಾಂಸರು ಕೂಡಿ ಎಂಟು ಧರ್ಮಶಾಸ್ತ್ರ ಪಂಥಗಳ ಅನುಯಾಯಿಗಳ ಮೇಲೆ ತಕ್‌ಫೀರ್ ನಿಷಿದ್ಧವೆಂದು ಒಪ್ಪಿದ್ದು ಇದಕ್ಕಾಗಿಯೇ. ಆ ಎಂಟರಲ್ಲಿ ಇಬಾದಿಯೂ ಒಂದು ಎಂಬುದನ್ನು ಮಸ್ಕತ್ತಿನವರ ಗೆಳೆಯರಿಗೆ ತಿಳಿಸಬೇಕಿಲ್ಲ, ಅವರಿಗೆ ಗೊತ್ತಿರುತ್ತದೆ.

ಪಾಕಿಸ್ತಾನ ಸರ್ಕಾರದ ಆದೇಶಕ್ಕೆ ಬಂದರೆ, ಆಳುವವರು ತಮ್ಮ ವಿರೋಧಿಗಳಿಗೆ ಖವಾರಿಜ್ ಹಣೆಪಟ್ಟಿ ಹಚ್ಚುವುದು ಹಳೆಯ ರೂಢಿ. ಈಜಿಪ್ಟಿನಲ್ಲಿ ಮುಸ್ಲಿಂ ಬ್ರದರ್‌ಹುಡ್ ಮೇಲೆ ದಶಕಗಳ ಕಾಲ ಅದನ್ನು ಹಚ್ಚಿದರು. ವಿನೋದವೆಂದರೆ, ಅಲ್ ಕೈದಾ ಪರವಾದ ಧರ್ಮಪಂಡಿತರೂ ಇಸ್ಲಾಮಿಕ್ ಸ್ಟೇಟ್ ಅನ್ನು ಅದೇ ಹೆಸರಿನಿಂದ ಬೈದರು.

ನೇರಮಾತು

ಅಲ್ ಅಜ್‌ಹರ್ ವಿಷಯ ನನಗೆ ತಿಳಿದಿರಲಿಲ್ಲ. ಆದರೆ ಮೇಷ್ಟ್ರೇ, ಅದು ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ ಅಲ್ಲವೇ? ಅತ್ಯಂತ ದೊಡ್ಡ ಧರ್ಮಪೀಠವೇ ಅವರು ಮುಸ್ಲಿಮರಲ್ಲ ಎಂದು ಹೇಳಲಾರದಾಗ, ಪತ್ರಿಕೆಗಳು ‘ಇಸ್ಲಾಮಿಗೆ ಸಂಬಂಧವಿಲ್ಲ’ ಎಂದು ಹೇಗೆ ಹೇಳಬಲ್ಲವು?

ಆಲೋಚನೆಗಳಿಗೂ ವಂಶಾವಳಿ ಇರುತ್ತದೆ. ನಮ್ಮ ಹೈದರಾಬಾದ್ ಸಂಸ್ಥಾನದ ಔರಂಗಾಬಾದಿನಲ್ಲಿ 1903ರಲ್ಲಿ ಹುಟ್ಟಿದ, ಜಮಾತೆ ಇಸ್ಲಾಮಿ ಸ್ಥಾಪಿಸಿದ ಮೌದೂದಿ, ಸಾರ್ವಭೌಮತ್ವ ದೇವರದ್ದೇ ಹೊರತು ಜನರದ್ದಲ್ಲ ಎಂಬ ಸಿದ್ಧಾಂತವನ್ನು ಬೆಳೆಸಿದರು. ಅದನ್ನು ಎತ್ತಿಕೊಂಡ ಈಜಿಪ್ಟಿನ ಸಯ್ಯಿದ್ ಕುತುಬ್, ಮುಸ್ಲಿಂ ಸಮಾಜಗಳೇ ಇಸ್ಲಾಂ ಪೂರ್ವದ ಅಜ್ಞಾನದ ಯುಗಕ್ಕೆ ಮರಳಿವೆ ಎಂದು ಬರೆದರು. 1966ರಲ್ಲಿ ಅವರನ್ನು ಗಲ್ಲಿಗೇರಿಸಿದರು. ಅಬ್ದುಲ್ ಸಲಾಂ ಫರಾಜ್ ಎಂಬ ವಿದ್ಯುತ್ ಎಂಜಿನಿಯರ್, ಮಂಗೋಲ್ ದೊರೆಗಳು ಹೆಸರಿಗಷ್ಟೇ ಮುಸ್ಲಿಮರೆಂದು ಧರ್ಮಪಂಡಿತ ಇಬ್ನ್ ತೈಮಿಯ್ಯಾ 14ನೇ ಶತಮಾನದ ಆರಂಭದಲ್ಲಿ ಕೊಟ್ಟ ಫತ್ವಾವನ್ನು ಈಜಿಪ್ಟಿನ ಅಧ್ಯಕ್ಷ ಸಾದಾತ್ ಅವರಿಗೆ ಅನ್ವಯಿಸಿದ. 1981ರ ಅಕ್ಟೋಬರ್ 6ರಂದು ಸಾದಾತ್ ಹತ್ಯೆಯಾಯಿತು. ಈ ಸರಪಳಿಯಲ್ಲಿ ಒಂದೊಂದು ಕೊಂಡಿಯೂ ಧರ್ಮಗ್ರಂಥದ ಓದಿನಿಂದಲೇ ಹುಟ್ಟಿದ್ದು.

ಪದಸಂಚಿ

ಅನುವಾದ ನನ್ನ ಜೀವನೋಪಾಯ, ಆದ್ದರಿಂದ ಪದಗಳ ಕಡೆಯಿಂದಲೇ ಬರುತ್ತೇನೆ.

ನೇರಮಾತು ಅವರ ಸರಪಳಿ ಸರಿಯಾಗಿದೆ, ಮತ್ತು ಅದೇ ಕಾರಣಕ್ಕೆ ಅವರು ಬಯಸುವ ವಿಶೇಷಣ ಸಾಲದು. ಆ ಸರಪಳಿಯಲ್ಲಿ ಮೌದೂದಿಯವರ ಪಕ್ಷ ಪಾಕಿಸ್ತಾನದಲ್ಲಿ ಚುನಾವಣೆಗೆ ನಿಲ್ಲುತ್ತದೆ, ಫರಾಜ್ ಗಲ್ಲಿಗೇರುತ್ತಾನೆ. ಇಬ್ಬರನ್ನೂ ಒಂದೇ ಪದದಲ್ಲಿ ಕಟ್ಟಿದರೆ ಯಾರು ಮತಪೆಟ್ಟಿಗೆಯ ಕಡೆಗೆ, ಯಾರು ಬಾಂಬಿನ ಕಡೆಗೆ ಹೋದರು ಎಂಬುದು ಓದುಗರಿಗೆ ಕಾಣುವುದೇ ಇಲ್ಲ. ‘ಇಸ್ಲಾಮಿಸ್ಟ್’ ಎಂಬುದಕ್ಕೂ ಇದೇ ತೊಂದರೆ. ಟ್ಯುನೀಷಿಯಾದ ಎನ್ನಹ್ದಾ 2011ರ ಚುನಾವಣೆಯಲ್ಲಿ ಗೆದ್ದು, ಸಂವಿಧಾನ ರಚನೆಯಲ್ಲಿ ರಾಜಿ ಮಾಡಿಕೊಂಡು, ಅಧಿಕಾರ ಬಿಟ್ಟು ಇಳಿದ ಪಕ್ಷ. ಅದನ್ನೂ ರಖ್ಖಾದವರನ್ನೂ ಒಂದೇ ಹೆಸರಿನಡಿ ತಂದರೆ ಆ ಹೆಸರಿನಿಂದ ಪ್ರಯೋಜನವೇನು?

ಹೆಸರು ಕೊಡುವವರು ಹೊರಗಿನವರಾದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆಲದಲ್ಲೇ ಹಳೆಯ ಉದಾಹರಣೆಯಿದೆ. 1860ರ ದಶಕದಲ್ಲಿ ಅಂಬಾಲಾ, ಪಟ್ನಾಗಳಲ್ಲಿ ಬ್ರಿಟಿಷರು ನಡೆಸಿದ ವಿಚಾರಣೆಗಳು ‘ವಹಾಬಿ’ (ಅರೇಬಿಯಾದ ಇಬ್ನ್ ಅಬ್ದುಲ್ ವಹಾಬ್‌ನ ಅನುಯಾಯಿ) ಪ್ರಕರಣಗಳೆಂದು ಕುಖ್ಯಾತವಾದವು. ಆ ಪದ ಎಷ್ಟು ಅಪಾಯಕಾರಿಯಾಯಿತೆಂದರೆ, ಅಹ್ಲೆ ಹದೀಸ್ ಪಂಥದ ಮುಖಂಡರು ತಮ್ಮನ್ನು ಸರ್ಕಾರಿ ಪತ್ರವ್ಯವಹಾರದಲ್ಲಿ ವಹಾಬಿಗಳೆಂದು ಬರೆಯಬಾರದೆಂದು ಮನವಿ ಸಲ್ಲಿಸಿ, 1880ರ ದಶಕದಲ್ಲಿ ಸರ್ಕಾರದಿಂದ ಒಪ್ಪಿಗೆಯನ್ನೂ ಪಡೆದರು. ಇನ್ನು ‘ಮುಜಾಹಿದ್’ ನೋಡಿ. ಪಕ್ಕದ ಕೇರಳದಲ್ಲಿ ಕೇರಳ ನದ್ವತುಲ್ ಮುಜಾಹಿದೀನ್ ಎಂಬುದು 1950ರಲ್ಲಿ ಸ್ಥಾಪನೆಯಾದ ಸುಧಾರಣಾವಾದಿ ಸಂಘಟನೆ. ಅಲ್ಲಿ ಒಬ್ಬರನ್ನು ‘ಮುಜಾಹಿದ್’ ಎಂದರೆ ದರ್ಗಾದ ಉರೂಸಿಗೆ ಹೋಗದ, ಹೆಣ್ಣುಮಕ್ಕಳ ಶಾಲೆ ನಡೆಸುವ ಬಳಗದವರು ಎಂದು ಅರ್ಥ. ಮಲಯಾಳದಿಂದ ಕನ್ನಡಕ್ಕೆ ಬಂದ ವರದಿಯೊಂದರಲ್ಲಿ ‘ಮುಜಾಹಿದ್ ಸಮ್ಮೇಳನ’ ಎಂಬುದನ್ನು ‘ಉಗ್ರರ ಸಮಾವೇಶ’ ಎಂದು ಯಾರೋ ಅನುವಾದಿಸಿದ್ದನ್ನು ನಾನು ಕರಡಿನಲ್ಲಿ ಹಿಡಿದಿದ್ದೇನೆ.

‘ಬೋಕೊ ಹರಾಂ’ ಎಂಬುದೂ ನೈಜೀರಿಯಾದ ಆ ಉಗ್ರ ಸಂಘಟನೆ ತಾನೇ ಇಟ್ಟುಕೊಂಡ ಹೆಸರಲ್ಲ. ಪಾಶ್ಚಾತ್ಯ ಶಿಕ್ಷಣ ನಿಷಿದ್ಧ ಎಂಬ ಅವರ ಬೋಧನೆ ಕೇಳಿದ ಮೈದುಗುರಿಯ ನೆರೆಹೊರೆಯವರು ಕೊಟ್ಟದ್ದು. ‘ದಾಯಿಶ್’ ಎಂಬುದು ಇಸ್ಲಾಮಿಕ್ ಸ್ಟೇಟ್‌ನ ಅರಬಿ ಹೆಸರಿನ ಮೊದಲಕ್ಷರಗಳಷ್ಟೇ ಆದರೂ, ಅರಬಿ ಕಿವಿಗೆ ತುಚ್ಛವಾಗಿ ಕೇಳುತ್ತದೆಂದು ಅವರಿಗೆ ಸಿಟ್ಟು; ಆ ಪದ ಆಡಿದವರ ನಾಲಿಗೆ ಕತ್ತರಿಸುತ್ತೇವೆಂದು ಮೊಸೂಲಿನಲ್ಲಿ ಬೆದರಿಸಿದ್ದರು. ಫ್ರಾನ್ಸ್ 2014ರಲ್ಲೇ ಆ ಪದ ಹಿಡಿಯಿತು. ಬ್ರಿಟನ್ನಿನ 120 ಸಂಸದರು 2015ರಲ್ಲಿ ಬಿಬಿಸಿಯೂ ಅದನ್ನೇ ಬಳಸಬೇಕೆಂದು ಪತ್ರ ಬರೆದಾಗ, ವಿರೋಧಿಗಳು ಹೀಯಾಳಿಸಲು ಬಳಸುವ ಹೆಸರನ್ನು ನಾವು ಬಳಸಿದರೆ ನಿಷ್ಪಕ್ಷಪಾತ ಉಳಿಯದು ಎಂದು ಬಿಬಿಸಿ ಒಪ್ಪಲಿಲ್ಲ. ಬೈಯಬೇಕಾದವರು ಬೈಯಲಿ, ಸುದ್ದಿ ಬರೆಯುವವನು ಮೊದಲು ಯಾರ ಬಗ್ಗೆ ಮಾತನಾಡುತ್ತಿದ್ದೇನೆಂದು ಹೇಳಲಿ ಎಂಬ ಆ ನಿಲುವು ನನಗೆ ಸರಿಯೆನಿಸುತ್ತದೆ.

ಇನ್ನೊಂದು ಪದದ ಬಗ್ಗೆ ಯಾರೂ ಬರೆದಿಲ್ಲ: ‘ಆತ್ಮಾಹುತಿ ದಾಳಿ’. ಉರ್ದು ಪತ್ರಿಕೆಗಳು ಇದಕ್ಕೆ ‘ಖುದ್‌ಕುಶ್ ಹಮ್ಲಾ’ ಎಂದು ಬರೆಯುತ್ತವೆ. ಖುದ್‌ಕುಶಿ ಎಂದರೆ ಬರಿಯ ಆತ್ಮಹತ್ಯೆ, ಇಸ್ಲಾಮಿನಲ್ಲಿ ಮಹಾಪಾಪ; ಅಂದರೆ ಆ ಹೆಸರಿನಲ್ಲೇ ಖಂಡನೆಯಿದೆ. ದಾಳಿಕೋರರು ತಮ್ಮ ಕೃತ್ಯಕ್ಕೆ ಕೊಡುವ ಹೆಸರು ಬಲಿದಾನದ್ದು, ಹುತಾತ್ಮತೆಯದ್ದು. ಕನ್ನಡದಲ್ಲಿ ನಾವು ಹೋಮಕುಂಡಕ್ಕೆ ತುಪ್ಪ ಹಾಕುವ ‘ಆಹುತಿ’ಯನ್ನು ತಂದು ಜೋಡಿಸಿ, ಸಂತೆಯಲ್ಲಿ ತರಕಾರಿ ಕೊಳ್ಳುತ್ತಿದ್ದವರನ್ನು ಛಿದ್ರಗೊಳಿಸಿದವನಿಗೆ ಯಜ್ಞದ ಗೌರವ ಕೊಟ್ಟಿದ್ದೇವೆ. ಮೇಷ್ಟ್ರು ಹೇಳಿದ ‘ಪ್ರಾಣ ಮಾರಿಕೊಂಡವರು’ ತಮಗೆ ತಾವೇ ಇಟ್ಟುಕೊಂಡ ಹೆಸರಿನ ಅಣ್ಣತಮ್ಮನಂತಿದೆ ಇದು. ‘ಇಸ್ಲಾಮಿಕ್’ ಬೇಕೋ ಬೇಡವೋ ಎಂದು ಜಗಳವಾಡುವ ನಮ್ಮ ಕಣ್ಣಿಗೆ ಇದು ಬಿದ್ದೇ ಇಲ್ಲ.

ನಿರ್ವಾಹಕ

ವಿಷಯಕ್ಕೆ ಸಂಬಂಧಿಸದ ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ಒಂದು ಮುಸ್ಲಿಮರನ್ನು, ಇನ್ನೊಂದು ಅದಕ್ಕೆ ಉತ್ತರವಾಗಿ ಹಿಂದೂಗಳನ್ನು ಒಟ್ಟಾಗಿ ಬೈದದ್ದು.

ನೇರಮಾತು

ಪದಸಂಚಿಯವರೇ, ‘ಆತ್ಮಾಹುತಿ’ಯ ವಿಷಯದಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಾನೇ ಎಷ್ಟೋ ಸಲ ಬರೆದಿದ್ದೇನೆ, ನಾಚಿಕೆಯಾಯಿತು. ವಿಶೇಷಣದ ಬಗ್ಗೆ ಪೂರ್ತಿ ಒಪ್ಪುವುದಿಲ್ಲ. ಸಂಘಟನೆಯ ಹೆಸರು ಹೇಳಿ, ಅದು ಯಾವ ಸಿದ್ಧಾಂತದ್ದೆಂದೂ ಹೇಳಿ. ಸಿದ್ಧಾಂತವನ್ನು ನುಂಗಿಹಾಕಿ ‘ಕೆಲವು ದುಷ್ಕರ್ಮಿಗಳು’ ಎಂದು ಬರೆದರೆ ಮಾತ್ರ ನನ್ನ ತಕರಾರು ಮುಂದುವರಿಯುತ್ತದೆ. ಕಡಲತೀರ ಅವರೇ, ನಿಮ್ಮ ತಮ್ಮನಿಗೆ ಕೊನೆಗೆ ಕೊಠಡಿ ಸಿಕ್ಕಿತೇ?

ಕಡಲತೀರ

ಸಿಕ್ಕಿತು, ಶಿವಾಜಿನಗರದಲ್ಲಿ. ಬಾಡಿಗೆ ಒಂದೂವರೆ ಪಾಲು ಹೆಚ್ಚು.

ಮೇಷ್ಟ್ರು ತಕ್‌ಫೀರ್ ಬಗ್ಗೆ ಹೇಳಿದ್ದನ್ನು ಓದಿ ರಾತ್ರಿ ಯೋಚಿಸಿದೆ. ಆ ಟ್ರಸ್ಟಿನವರು ಧರ್ಮಶಾಸ್ತ್ರದ ತೀರ್ಪು ಕೊಟ್ಟರೆಂದು ನಾನು ಭಾವಿಸುವುದಿಲ್ಲ. ಮನೆಯ ಹಿರಿಯರು ಮಗನ ದುಷ್ಕೃತ್ಯ ಕೇಳಿ ‘ನೀನು ನನ್ನ ಮಗನೇ ಅಲ್ಲ’ ಎನ್ನುತ್ತಾರಲ್ಲ, ಅಂಥ ಮಾತು ಅದು. ಹಾಗೆಂದ ಮಾತ್ರಕ್ಕೆ ಪಡಿತರ ಚೀಟಿಯಿಂದ ಅವನ ಹೆಸರು ಹೋಗುವುದಿಲ್ಲ.

ರಾತ್ರಿ ಪಾಳಿ

ಇಲ್ಲಿ ಬಂದದ್ದನ್ನೆಲ್ಲ ಮುದ್ರಿಸಿಕೊಂಡು ನಮ್ಮ ಮೇಜಿನ ಹುಡುಗರೊಂದಿಗೆ ಓದಿದೆ. ನಮ್ಮ ಮಟ್ಟಿಗೆ ಹೀಗೆ ತೀರ್ಮಾನಿಸಿದ್ದೇವೆ. ಸಂಘಟನೆಗೆ ಹೆಸರಿದ್ದರೆ ಆ ಹೆಸರನ್ನೇ ಬರೆಯುವುದು, ಹೆಸರಿನಲ್ಲೇ ಇಸ್ಲಾಮಿಕ್ ಎಂದಿದ್ದರೆ ಅದನ್ನು ಕತ್ತರಿಸದಿರುವುದು, ಇಲ್ಲದಿದ್ದರೆ ನಾವಾಗಿ ಸೇರಿಸದಿರುವುದು. ಸಿದ್ಧಾಂತ ಹೇಳಬೇಕಾದಲ್ಲಿ ಒಂದು ಪೂರ್ತಿ ವಾಕ್ಯದಲ್ಲಿ ಹೇಳುವುದು. ಉದಾಹರಣೆಗೆ, ‘ತನ್ನನ್ನು ಒಪ್ಪದ ಮುಸ್ಲಿಮರನ್ನೂ ಧರ್ಮಭ್ರಷ್ಟರೆಂದು ಪರಿಗಣಿಸುವ ಸಂಘಟನೆ’ ಎಂದು. ಜಾಗ ಹೆಚ್ಚು ಬೇಕು, ಆದರೆ ಓದುಗನಿಗೆ ‘ಮತಾಂಧ’ ಎಂಬುದಕ್ಕಿಂತ ಹೆಚ್ಚು ತಿಳಿಯುತ್ತದೆ. ‘ಖವಾರಿಜ್’ ಬಂದರೆ ಅದು ಪಾಕಿಸ್ತಾನ ಸೇನೆ ಬಳಸಿದ ಪದ ಎಂದು ಉದ್ಧರಣ ಚಿಹ್ನೆಯೊಳಗೆ ಹಾಕುವುದು. ಆರೋಪಿಯ ಹೆಸರಿಗೆ ಊರನ್ನು ಅಂಟಿಸುವುದಾದರೆ, ಅದು ದೋಷಾರೋಪ ಪಟ್ಟಿಯಲ್ಲಿದ್ದರೂ, ಶೀರ್ಷಿಕೆಯಲ್ಲಿ ವ್ಯಕ್ತಿಯ ಹೆಸರಿಲ್ಲದೆ ಊರಿನ ಹೆಸರೊಂದನ್ನೇ ಹಾಕದಿರುವುದು.

ನೇರಮಾತು ಅವರ ‘ರೋಗದ ಹೆಸರು’ ವಾದವನ್ನು ಹುಡುಗರಲ್ಲಿ ಇಬ್ಬರು ಬಲವಾಗಿ ಹಿಡಿದರು. ಆಗ ನಾನು 2014ರ ಡಿಸೆಂಬರ್ 16ರ ಪೇಶಾವರದ ಸೇನಾ ಶಾಲೆಯ ಹಳೆಯ ಪುಟವನ್ನು ತೆಗೆದು ತೋರಿಸಿದೆ. ಸತ್ತ ನೂರೈವತ್ತರಷ್ಟು ಮಂದಿಯಲ್ಲಿ ಬಹುಪಾಲು ಮಕ್ಕಳು, ಮುಸ್ಲಿಂ ಮಕ್ಕಳು. ಕೊಂದವರು ಟಿಟಿಪಿ. ನಮ್ಮ ಅಂದಿನ ಶೀರ್ಷಿಕೆಯಲ್ಲಿ ‘ಉಗ್ರರು’ ಎಂದಷ್ಟೇ ಇತ್ತು. ಯಾವ ಉಗ್ರರು, ಏತಕ್ಕಾಗಿ ಎಂಬುದು ಐದನೇ ಪ್ಯಾರಾದಲ್ಲಿತ್ತು. ನೇರಮಾತು ಅವರ ಸಿಟ್ಟಿಗೆ ಕಾರಣವಿದೆ ಎಂದು ನನಗೆ ಅನ್ನಿಸಿದ್ದು ಆ ಪುಟ ನೋಡಿದಾಗ.

‘ಆತ್ಮಾಹುತಿ’ಗೆ ಬದಲಿ ಪದ ಹೊಸದಾಗಿ ಹುಡುಕಬೇಕಿಲ್ಲ, 1991ರಲ್ಲಿ ಶ್ರೀಪೆರುಂಬುದೂರಿನಲ್ಲಿ ಎಲ್‌ಟಿಟಿಇ ರಾಜೀವ್ ಗಾಂಧಿಯವರನ್ನು ಕೊಂದ ದಿನಗಳಿಂದಲೂ ‘ಮಾನವ ಬಾಂಬ್’ ನಮ್ಮಲ್ಲಿದೆ. ಮೊನ್ನೆ ಕ್ವೆಟ್ಟಾದ ಸುದ್ದಿ ಬಂದಾಗ ಆ ಹುಡುಗ ಹೇಳಿಸಿಕೊಳ್ಳದೆಯೇ ‘ಮಾನವ ಬಾಂಬ್ ದಾಳಿ’ ಎಂದು ಬರೆದ. ನಾನು ಸಹಿ ಹಾಕಿ ಮನೆಗೆ ಹೋದೆ. ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ಸುದ್ದಿಯೊಳಗೆ ಮಾನವ ಬಾಂಬ್ ಹಾಗೆಯೇ ಇತ್ತು. ಶೀರ್ಷಿಕೆಯಲ್ಲಿ ಮಾತ್ರ, ಪುಟ ಕಟ್ಟುವಾಗ ಒಂದಕ್ಷರ ಹೆಚ್ಚಾಯಿತೆಂದು, ಯಾರೋ ಮತ್ತೆ ‘ಆತ್ಮಾಹುತಿ’ ಕೂರಿಸಿದ್ದರು.